ರಾಣಿ ಹರಳಿನೊಳಗಿನ ಗಂಟು

“ಮುಟ್ಟಬೇಡಿ!”

ಪ್ರಯೋಗಾಲಯದ ಮುಖ್ಯಸ್ಥರ ಕೂಗಿಗೆ ಜಿಗಣೆಯ ಕೈ ಹರಳಿನ ತಟ್ಟೆಯ ಮೇಲೆ ಗಾಳಿಯಲ್ಲೇ ನಿಂತಿತು.

“ಯಾಕೆ ಸರ್, ಕಚ್ಚುತ್ತಾ?”

“ಬೆವರು ತಾಗಿದ್ರೆ ಮಂಕಾಗುತ್ತೆ. ಗ್ಲೌಸ್ ಹಾಕ್ಕೊಂಡು ಏನು ಬೇಕಾದ್ರೂ ನೋಡಿ.”

ಆಕೆ ಗ್ಲೌಸ್ ಎಳೆದುಕೊಂಡಳು. ಪೊಲೀಸ್ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಗೆ ಇಳಿದಾಗಿನಿಂದ ಊರೆಲ್ಲ ಅವಳನ್ನು ಕರೆಯುವುದು ಜಿಗಣೆ ಎಂದೇ. ಒಮ್ಮೆ ಹತ್ತಿಕೊಂಡರೆ ಬಿಡುವ ಜಾತಿಯಲ್ಲ. ಎದುರಿಗೆ ಹಾಗೆ ಕರೆದರೂ ಬೇಜಾರು ಮಾಡಿಕೊಳ್ಳುವವಳಲ್ಲ. ಒಳಗೊಳಗೇ ಖುಷಿಪಡುತ್ತಿದ್ದಳು ಎಂಬುದು ಅವಳ ತಂಗಿಗೆ ಮಾತ್ರ ಗೊತ್ತಿದ್ದ ಗುಟ್ಟು.

ಆ ತಂಗಿ ನಿನ್ನೆ ಬೆಳಗ್ಗೆಯಿಂದ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಗಂಡನ ಊಟದ ಡಬ್ಬಿಗೆ ಸೀಸದ ಪುಡಿ ಬೆರೆಸಿದಳು ಎಂಬುದು ಆರೋಪ.

ಗಂಡ ಇದೇ ಪ್ರಯೋಗಾಲಯದಲ್ಲಿ ಹರಳು ಬೆಳೆಸುವವನು. ಎಲ್ಲರ ಬಾಯಲ್ಲೂ ಅವನು ಹರಳಪ್ಪ. ತಿಂಗಳುಗಟ್ಟಲೆ ಹೊಟ್ಟೆನೋವು ಅಂದ, ಆಮೇಲೆ ಮಣಿಕಟ್ಟು ಸೋತು ಜೋತುಬಿತ್ತು, ಕೊನೆಗೆ ಇದೇ ಮೇಜಿನ ಪಕ್ಕ ಕುಸಿದುಬಿದ್ದ. ಆಸ್ಪತ್ರೆಯವರು ರಕ್ತ ನೋಡಿ ಬೆಚ್ಚಿಬಿದ್ದರು. ರಕ್ತದ ತುಂಬ ಸೀಸ. ಇನ್ನೂ ಅವನು ಕಣ್ಣು ಬಿಟ್ಟಿರಲಿಲ್ಲ.

ಇನ್‌ಸ್ಪೆಕ್ಟರ್ ಲೆಕ್ಕ ಸರಳವಾಗಿತ್ತು. ಸೀಸ ಬಾಯಿಯಿಂದ ಹೋಗಿದೆ. ಅವನು ಕೆಲಸ ಮಾಡುವ ಕೋಣೆಯಲ್ಲಿ ಸೀಸ ಇಲ್ಲ. ಬಾಗಿಲ ಮೇಲೆಯೇ ದೊಡ್ಡ ಅಕ್ಷರದಲ್ಲಿ ‘ಈ ಕೋಣೆಗೆ ಸೀಸ ತರುವಂತಿಲ್ಲ’ ಎಂದು ಬರೆದಿದೆ. ಹಾಗಾದರೆ ಉಳಿದದ್ದು ಮನೆಯ ಅಡುಗೆಮನೆ, ಅಡುಗೆಮನೆಯಲ್ಲಿ ಉಳಿದದ್ದು ಹೆಂಡತಿ. ಸಂಜೆಯೊಳಗೆ ಸೀಸದ ಬೇರೆ ಮೂಲ ಸಿಗದಿದ್ದರೆ ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತೇನೆ ಎಂದು ಅವರು ಮುಖಕ್ಕೇ ಹೇಳಿದ್ದರು.

“ನಾನು ಆ ಲ್ಯಾಬಿನ ಮೆಟ್ಟಿಲು ಕೂಡ ಹತ್ತಿಲ್ಲ ಅಕ್ಕಾ,” ಎಂದು ತಂಗಿ ಅತ್ತಿದ್ದಳು. “ಅವರ ಹರಳು ಕಪ್ಪೋ ಬಿಳುಪೋ ಅದೂ ನಂಗೊತ್ತಿಲ್ಲ. ನಿನ್ನಾಣೆ.”

ತಂಗಿ ಆಣೆ ಇಟ್ಟ ಮೇಲೆ ಅಕ್ಕನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸೀಸ ಈ ಕೋಣೆಯಲ್ಲೇ ಇದೆ, ಹುಡುಕಿ ತೆಗೆದರೆ ಆಯಿತು ಎಂದು ಅವಳು ಬೆಳಗ್ಗೆಯೇ ನಿರ್ಧರಿಸಿಬಿಟ್ಟಿದ್ದಳು. ಪತ್ತೇದಾರರು ಹುಡುಕುವ ಮೊದಲೇ ನಿರ್ಧರಿಸಬಾರದು ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವಳೂ ಇವಳೇ ಅನ್ನಿ.

ಮುಖ್ಯಸ್ಥರು ಕಿಟಕಿಯ ಕಪ್ಪು ಪರದೆ ಎಳೆದು, ದೀಪ ಆರಿಸಿ, ನೇರಳೆ ಬಣ್ಣದ ಸಣ್ಣ ಲ್ಯಾಂಪೊಂದನ್ನು ತಟ್ಟೆಯ ಮೇಲೆ ಹಿಡಿದರು.

ಜಿಗಣೆ ತಟ್ಟೆಯ ಮೇಲೆ ಬಗ್ಗಿದಳು.

ಈಗಷ್ಟೇ ಕಲ್ಲುಸಕ್ಕರೆಯ ಚೂರಿನಂತೆ ಬಿದ್ದಿದ್ದ ಹರಳುಗಳು ಬೆಳ್ಳಗೆ ಉರಿಯುತ್ತಿದ್ದವು. ಶಾಖವಿಲ್ಲ, ಸದ್ದಿಲ್ಲ. ಬರೀ ಬೆಳಕು.

“ಮಾಮೂಲಿ ಬಲ್ಬಿನಲ್ಲಿ ನೀಲಿಗೆ ಹಳದಿ ಬೆರೆಸಿ ಬಿಳಿ ಮಾಡ್ತಾರೆ,” ಎಂದರು ಮುಖ್ಯಸ್ಥರು. “ಇದಕ್ಕೆ ಬೆರಕೆ ಬೇಡ. ಒಂದೇ ಹರಳು, ಎಲ್ಲಾ ಬಣ್ಣ ತಾನೇ ಕೊಡುತ್ತೆ. ಕರೆಂಟೂ ಕಡಿಮೆ ಸಾಕು. ಮೊದಲು ಇಂಥ ಹರಳಿಗೆ ಸೀಸ ಹಾಕ್ತಿದ್ರು. ಚೆನ್ನಾಗಿ ಹೊಳೀತಿತ್ತು, ಆದ್ರೆ ಒಡೆದು ತಿಪ್ಪೆಗೆ ಹೋದ್ಮೇಲೆ ನೀರಿಗೂ ಮಣ್ಣಿಗೂ ವಿಷ. ನಾವು ಸೀಸ ತೆಗೆದು ಇಂಡಿಯಂ ಅನ್ನೋ ಲೋಹ ಹಾಕಿದ್ವಿ. ಇಡೀ ಜನ್ಮ ಇದಕ್ಕೇ ಸವೆಸಿದೀನಿ ಮೇಡಂ. ಇಲ್ಲಿ ಸೀಸ ಇದೆ ಅನ್ನೋದು ನನ್ನ ಮುಖಕ್ಕೆ ಉಗಿದ ಹಾಗೆ.”

“ಉಗಿಯೋಕೆ ಬಂದಿಲ್ಲ ಸರ್. ಒಂದು ಹರಳು ಕರಗಿಸಿ ತೋರಿಸಿ, ಹೋಗ್ತೀನಿ.”

“ಓಹೋ, ಅಷ್ಟೇ ತಾನೆ!”

ಅವರು ದೀಪ ಹಾಕಿ, ತಾವೇ ತಟ್ಟೆಯಿಂದ ಒಂದು ಹರಳನ್ನು ಚಿಮಟದಲ್ಲಿ ಎತ್ತಿ, ಹೊರಮೈಯಿಂದ ಒಂದು ಚೂರು ಮುರಿದು, ಆಮ್ಲ ಬೆರೆಸಿದ ಬಿಸಿನೀರಿನ ಲೋಟಕ್ಕೆ ಹಾಕಿದರು. ಕನ್ನಡಕ ಹುಡುಕಿದರು, ಅದು ತಲೆಯ ಮೇಲೇ ಇತ್ತು. ಚೂರು ಕರಗುತ್ತ ಹೋಯಿತು. ಆಮೇಲೆ ಒಂದು ಬಾಟಲಿ ತೆಗೆದು ಅವಳ ಕಣ್ಣಮುಂದೆ ಆಡಿಸಿದರು.

“ಪೊಟ್ಯಾಸಿಯಂ ಅಯೋಡೈಡ್. ಶಾಲೆ ಮಕ್ಕಳೂ ಮಾಡೋ ಪ್ರಯೋಗ. ಸೀಸ ಇದ್ರೆ ಅರಿಶಿನ ಕಲಸಿದ ಹಾಗೆ ಹಳದಿ ಆಗುತ್ತೆ. ನೋಡ್ತಿರಿ.”

ಒಂದೊಂದೇ ಹನಿ ಬಿತ್ತು. ನೀರು ನೀರಾಗಿಯೇ ಉಳಿಯಿತು.

ಜಿಗಣೆಗೆ ಗೊತ್ತಿಲ್ಲದೆ ಕೈ ಕೋಟಿನ ಮೇಲಿನ ಗುಂಡಿಗೆ ಹೋಯಿತು. ಯೋಚನೆ ಹತ್ತಿದಾಗ ಗುಂಡಿ ತಿರುಗಿಸುವುದು ಅವಳ ಚಾಳಿ. ತಿರುಗಿಸಿ ತಿರುಗಿಸಿ ಕಿತ್ತುಬಂದಿದ್ದ ಗುಂಡಿಯನ್ನು ಹೋದ ವಾರವಷ್ಟೇ ತಂಗಿ ಬೈಯುತ್ತ ಹೊಲಿದುಕೊಟ್ಟಿದ್ದಳು. ಹಳೆ ಬಟ್ಟೆ ರಿಪೇರಿ ಮಾಡುವ ಪುಟ್ಟ ಅಂಗಡಿ ಅವಳದು. “ಇನ್ನು ನೀನೇ ಕಿತ್ತುಹೋಗ್ತೀಯ, ಈ ಗುಂಡಿ ಕೀಳಲ್ಲ,” ಎಂದಿದ್ದಳು.

“ನಿಮ್ಮ ಸಂಕಟ ಅರ್ಥ ಆಗುತ್ತೆ,” ಎಂದರು ಮುಖ್ಯಸ್ಥರು, ಸ್ವಲ್ಪ ಮೆತ್ತಗಾಗಿ. “ಆದ್ರೆ ನೀರು ಸುಳ್ಳು ಹೇಳಲ್ಲ.”

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈಮುಗಿದು ಹೊರಡುತ್ತಿದ್ದರು. ಜಿಗಣೆ ಕುರ್ಚಿ ಎಳೆದುಕೊಂಡು ಕೂತಳು.

“ಅವನು ಹೇಗೆ ಕೆಲಸ ಮಾಡ್ತಿದ್ದ, ಅದನ್ನ ಹೇಳಿ. ಬಂದ ತಕ್ಷಣ ಏನು ಮಾಡ್ತಿದ್ದ, ಅಲ್ಲಿಂದ.”

“ಬೀಜ ಕಟ್ತಿದ್ದ. ಹರಳು ಬೆಳೀಬೇಕು ಅಂದ್ರೆ ಒಂದು ಬೀಜ ಬೇಕು. ಒಳ್ಳೆ ಹರಳಿಂದ ಸಾಸಿವೆಯಷ್ಟು ಚೂರು ಒಡೆದು, ನೈಲಾನ್ ನೂಲಿಗೆ ಕಟ್ಟಿ, ದ್ರಾವಣದಲ್ಲಿ ಇಳಿಬಿಡಬೇಕು. ಅದರ ಸುತ್ತ ಹರಳು ಕೂತ್ಕೊಂಡು ಬೆಳೆಯುತ್ತೆ. ಗಂಟು ಒಳಗೇ ಸೇರಿಹೋಗುತ್ತೆ. ಅವನ ಬೆರಳು ದಪ್ಪ, ಗಂಟು ಬರ್ತಿರಲಿಲ್ಲ. ನೂಲಿನ ತುದಿ ಹಲ್ಲಲ್ಲಿ ಕಚ್ಚಿ ಎಳೀತಿದ್ದ.”

“ಹಲ್ಲಲ್ಲಾ?”

ಮುಖ್ಯಸ್ಥರು ತಲೆ ತಗ್ಗಿಸಿದರು. “ಎಷ್ಟೋ ಸಲ ಬೈದಿದೀನಿ. ‘ಸೀಸ ಇಲ್ವಲ್ಲ ಸರ್, ಏನಾಗುತ್ತೆ’ ಅನ್ನೋನು. ಸೀಸ ಇದ್ದ ಕಾಲದಲ್ಲಿ ನಾವೆಲ್ಲ ಮೂಗು ಬಾಯಿ ಕಟ್ಕೊಂಡು, ಎರಡೆರಡು ಗ್ಲೌಸ್ ಹಾಕ್ಕೊಂಡು ಸಾಯ್ತಿದ್ವಿ. ಸೀಸ ಹೋದ್ಮೇಲೆ ಭಯವೂ ಹೋಯ್ತು. ನಾನೂ ಕಂಡೂ ಕಾಣದ ಹಾಗೆ ಸುಮ್ಮನಾದೆ.”

ಜಿಗಣೆಯ ಬೆರಳು ಗುಂಡಿಯ ಮೇಲೆ ನಿಂತಿತು. ಬಾಯಿಯ ದಾರಿ ಸಿಕ್ಕಿತು! ಸೀಸ ಒಂದು ಸಿಕ್ಕಿದ್ದರೆ ಆಗಿತ್ತು.

“ಬೀಜ ಯಾವ ಹರಳಿಂದ ಒಡೀತಿದ್ದ?”

“ರಾಣಿಯಿಂದ.”

ತಟ್ಟೆಯ ನಡುವೆ ಹತ್ತಿಯ ಹಾಸಿನ ಮೇಲೆ ಒಂದು ಹರಳು ಬೇರೆಯಾಗಿ ಮಲಗಿತ್ತು. ಕಡಲೆಕಾಳಿನಷ್ಟೇ ಇತ್ತು, ಒಂದು ಮಗ್ಗುಲು ಒಡೆದು ಒಡೆದು ಮೊಂಡಾಗಿತ್ತು. ನೇರಳೆ ಲ್ಯಾಂಪಿನಡಿಯಲ್ಲಿ ಅದರ ಬೆಳಕಿನ ಮುಂದೆ ಉಳಿದವೆಲ್ಲ ಎಣ್ಣೆ ತೀರಿದ ದೀಪಗಳು. ಅದನ್ನು ನೋಡುವಾಗ ಮುಖ್ಯಸ್ಥರ ಮುಖವೂ ಬೆಳಗಿತು.

“ಒಂದು ದಿನ ಬೆಳಗ್ಗೆ ಬಂದು ಮುಚ್ಚಳ ತೆಗೆದ್ರೆ ಇವಳು! ಹರಳಪ್ಪ ಕುಣಿದೇಬಿಟ್ಟ. ಇವಳಿಂದಾನೆ ನಮ್ಮ ಲ್ಯಾಬಿಗೆ ಹೆಸರು ಬಂದಿದ್ದು.”

“ಮತ್ತೆ ಇವಳ ಮಕ್ಕಳು ಯಾಕೆ ಇಷ್ಟು ಮಂಕು?”

“ಅದೇ ನಮಗೂ ಗೊತ್ತಾಗ್ತಿಲ್ಲ. ಇವಳಿಂದಾನೆ ಚೂರು ತೆಗೆದು ಬೆಳೆಸ್ತೀವಿ, ಆ ಹೊಳಪು ಬರಲ್ಲ. ಹರಳಪ್ಪಂಗೆ ಅದೇ ಹುಚ್ಚು ಹಿಡೀತು. ದಿನಾ ಒಡಿ, ದಿನಾ ಕಟ್ಟು, ದಿನಾ ಇಳಿಬಿಡು.”

“ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ,” ಎಂದಳು ಜಿಗಣೆ ನಿಧಾನವಾಗಿ. “ಮಕ್ಕಳು ಒಂದೂ ತಾಯಿ ಹಾಗಿಲ್ಲ ಅಂದ್ರೆ ತಾಯಿನ ವಿಚಾರಿಸಬೇಕಲ್ವಾ ಸರ್? ಇವಳನ್ನ ಪರೀಕ್ಷೆ ಮಾಡಿದೀರಾ?”

ಮುಖ್ಯಸ್ಥರು ರಾಣಿಯ ಹತ್ತಿಯ ಹಾಸು ಸರಿಮಾಡತೊಡಗಿದರು.

“ಕೇಳಿದ್ದು ನಿಮ್ಮನ್ನೇ.”

“ಮಕ್ಕಳನ್ನ ಮಾಡಿದೀವಿ, ನೂಲಿಲ್ಲದ ಹೊರಚೂರು ತೆಗೆದು. ಹರಳು ಬೆಳೆಸೋ ಪುಡಿಗಳನ್ನ ಮಾಡಿದೀವಿ. ಎಲ್ಲಾ ಶುದ್ಧ. ಇರೋಳು ಇವಳೊಬ್ಬಳು. ಪರೀಕ್ಷೆಗೆ ಅಂತ ಕರಗಿಸಿಬಿಟ್ರೆ ಬೀಜಕ್ಕೆ ಏನು ಮಾಡೋದು?”

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಇದಕ್ಕೇ. ಇಷ್ಟು ಓದಿದವರು, ಇಷ್ಟು ಯಂತ್ರ ಇಟ್ಟುಕೊಂಡವರು, ಮನೆಮಗಳ ಮೇಲೆ ಅನುಮಾನ ಪಡಲಾರದೆ ಕೂತಿದ್ದರು. ಜಿಗಣೆಗೆ ನಗು ಬಂತು. ಆ ನಗು ಇನ್ನು ಸ್ವಲ್ಪ ಹೊತ್ತಿಗೆ ತನ್ನ ಕಡೆಗೇ ತಿರುಗುತ್ತದೆಂದು ಅವಳಿಗೇನು ಗೊತ್ತು, ಪಾಪ.

ಅವಳು ಚಿಮಟ ಎತ್ತಿಕೊಂಡಳು.

“ಮೇಡಂ, ಬೇಡ. ಒಂದು ಮೂಲೆ ಒಡೆದು ಕೊಡ್ತೀನಿ. ಕೇಳಿ ಇಲ್ಲಿ, ನಿಮ್ಮ ಕಾಲಿಗೆ ಬೀಳ್ತೀನಿ…”

“ನನ್ನ ತಂಗಿ ಠಾಣೆಯಲ್ಲಿ ಕೂತಿದಾಳೆ ಸರ್.”

ರಾಣಿ ಬಿಸಿನೀರಿಗೆ ಬಿದ್ದಳು.

ಮುಖ್ಯಸ್ಥರು ಕೈಚಾಚಿ ಲೋಟ ಕಸಿದುಕೊಳ್ಳಲು ಬಂದರು. ಜಿಗಣೆ ಲೋಟಕ್ಕೆ ಅಡ್ಡ ನಿಂತಳು. ಇಬ್ಬರೂ ಹಾಗೇ ನಿಂತರು, ಒಬ್ಬರ ಉಸಿರು ಒಬ್ಬರಿಗೆ ಕೇಳುವಷ್ಟು ಹತ್ತಿರ. ಬೆನ್ನ ಹಿಂದೆ ಹರಳು ಕರಗುತ್ತಿತ್ತು, ಅಂಚು ಸವೆದು, ಬೆಳಕು ಕುಂದಿ, ಕೊನೆಗೆ ಏನೂ ಉಳಿಯಲಿಲ್ಲ. ಮುಖ್ಯಸ್ಥರ ಕಣ್ಣಲ್ಲಿ ನೀರು ನಿಂತಿತ್ತು. ಮನುಷ್ಯ ನಿಜವಾಗಿಯೂ ಅಳುತ್ತಿದ್ದಾರೆಂದು ಕಂಡು ಜಿಗಣೆಗೆ ಕ್ಷಣ ನಾಚಿಕೆಯೂ ಆಯಿತು.

“ಹನಿ ಹಾಕಿ,” ಎಂದಳು.

ಅವರು ಹಾಕಿದರು.

ಮೊದಲ ಹನಿ ಬಿದ್ದ ಜಾಗದಲ್ಲೇ ಹಳದಿ ಮೋಡ ಎದ್ದಿತು. ಎರಡನೆಯದಕ್ಕೆ ಅದು ಲೋಟದ ತುಂಬ ಹಬ್ಬಿತು. ಕಡುಹಳದಿ. ಬಂಗಾರ ಅರೆದು ಕಲಸಿದ ಹಾಗೆ.

ಬಾಟಲಿ ಮುಖ್ಯಸ್ಥರ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ಅವರು ಅದನ್ನು ನೋಡಲೂ ಇಲ್ಲ.

“ಇಲ್ಲ,” ಎಂದರು. “ಇಲ್ಲ, ಇಲ್ಲ. ಇದು… ಇದು ಸೀಸದ್ದೇ ಹರಳು. ಹಳೆ ಕಾಲದ್ದು. ನಾವು ಬಿಟ್ಟುಬಿಟ್ಟ ಬಗೆ. ಯಾರೋ ನನ್ನ ಕೋಣೆಗೆ ಸೀಸ ತಂದು ಇದನ್ನ ಬೆಳೆಸಿದಾರೆ!” ಕುರ್ಚಿ ಸಿಗದೆ ಗೋಡೆಗೆ ಒರಗಿದರು. “ಅದನ್ನ ಹರಳಪ್ಪ ದಿನಾ ಒಡೆದು… ಬಾಯಿಗೆ… ಅಯ್ಯೋ, ನಾನೇ ಬೆನ್ನು ತಟ್ತಿದ್ನಲ್ಲ!”

ಜಿಗಣೆ ಆಗಲೇ ಫೋನಿನಲ್ಲಿದ್ದಳು.

“ಇನ್‌ಸ್ಪೆಕ್ಟರ್, ಸೀಸ ಸಿಕ್ಕಿತು. ಲ್ಯಾಬಿನಲ್ಲೇ. ಮುಖ್ಯಸ್ಥರೇ ಕಣ್ಣಾರೆ ನೋಡಿದಾರೆ, ಕೊಡಲಾ ಫೋನು? ಹಲ್ಲಲ್ಲಿ ನೂಲು ಕಚ್ಚಿ ಕಚ್ಚಿ ಒಳಗೆ ಹೋಗಿದೆ. ಊಟದ ಡಬ್ಬಿಗೂ ಇದಕ್ಕೂ ಸಂಬಂಧವೇ ಇಲ್ಲ.”

ಇನ್‌ಸ್ಪೆಕ್ಟರ್ ಮುಖ್ಯಸ್ಥರ ಬಾಯಿಂದಲೇ ಕೇಳಿದರು. ಅವರು “ಹೌದು, ಹೌದು, ಸೀಸವೇ” ಎಂದು ತೊದಲಿದರು. ಫೋನು ಮತ್ತೆ ಜಿಗಣೆಯ ಕೈಗೆ ಬಂತು.

“ಗೆದ್ದಿರಿ ಬಿಡಿ,” ಎಂದರು ಇನ್‌ಸ್ಪೆಕ್ಟರ್. “ಡಬ್ಬಿಯಲ್ಲೂ ಏನೂ ಸಿಕ್ಕಿಲ್ಲ ಅಂತ ಈಗಷ್ಟೇ ವರದಿ ಬಂತು. ನಿಮ್ಮ ತಂಗಿನ ಕಳಿಸ್ತೀನಿ. ಗಂಡನ್ನ ನೋಡಬೇಕು ಅಂತ ಬೆಳಗ್ಗೆಯಿಂದ ಗೋಗರೀತಿದಾರೆ.”

“ಆಸ್ಪತ್ರೆ ಬಾಗಿಲಲ್ಲಿ ನಿಲ್ಲಿಸಿದೀರಲ್ಲ ಕಾನ್‌ಸ್ಟೆಬಲ್, ಅವನನ್ನೂ ಎಬ್ಬಿಸಿ. ಗಂಡ ಹೆಂಡತಿ ನಡುವೆ ಲಾಠಿ ಯಾಕೆ?”

“ಆಯ್ತು ಜಿಗಣೆ ಮೇಡಂ, ಎಬ್ಬಿಸ್ತೀನಿ.”

ಫೋನು ಕೆಳಗಿಟ್ಟಾಗ ಅವಳಿಗೆ ಕುಣಿಯಬೇಕೆನಿಸಿತು. ಠಾಣೆಯ ಎದುರಿಗೇ ಆಸ್ಪತ್ರೆ. ಇನ್ನು ರಸ್ತೆ ದಾಟಿದರೆ ತಂಗಿ ಗಂಡನ ಪಕ್ಕ. ತನ್ನನ್ನು ಹೆತ್ತ ತಾಯಿ ಇದ್ದಿದ್ದರೆ ಇವತ್ತು ಬೆನ್ನು ಸವರುತ್ತಿದ್ದಳು ಎಂದುಕೊಂಡಳು.

ಮುಖ್ಯಸ್ಥರು ಅಷ್ಟರಲ್ಲಿ ಎದ್ದು ಮೇಜಿಗೆ ಬಂದಿದ್ದರು. ಮನುಷ್ಯನಿಗೆ ದುಃಖ ಬಂದರೆ ಕೈ ಅಭ್ಯಾಸದ ಕೆಲಸ ಹುಡುಕುತ್ತದೆ. ಆಲಿಕೆಗೆ ಸೋಸುವ ಕಾಗದ ಮಡಚಿಟ್ಟು, ಹಳದಿ ನೀರನ್ನು ನಿಧಾನವಾಗಿ ಸುರಿಯತೊಡಗಿದರು.

“ಪುಡಿ ಹಿಡಿದಿಡ್ತೀನಿ,” ಎಂದರು. “ಸಾಕ್ಷಿಗೆ ಬೇಕಾಗುತ್ತೆ. ಯಾರು ಮಾಡಿದ್ದು ಅಂತ ಗೊತ್ತಾಗಲೇಬೇಕು.”

“ಗೊತ್ತು ಮಾಡ್ತೀನಿ ಸರ್. ಹತ್ತಿಕೊಂಡ್ರೆ ಬಿಡೋಳಲ್ಲ ನಾನು.”

ನೀರು ತೊಟ್ಟು ತೊಟ್ಟಾಗಿ ಇಳಿಯಿತು. ಜಿಗಣೆ ಅನುಮಾನಿತರನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿಕೊಂಡಳು. ಈ ಅಳುವ ಮುಖ್ಯಸ್ಥರೇ? ಹಳೆಯ ಸೀಸದ ಪುಡಿಯ ಬೀಗದ ಕೈ ಇಟ್ಟುಕೊಂಡಿರುವ ಉಗ್ರಾಣದವನೇ? ಯಾರಾದರೇನು, ತಂಗಿಯಂತೂ ಪಾರಾದಳು.

“ಇದೇನಿದು?” ಎಂದರು ಮುಖ್ಯಸ್ಥರು.

ಕಾಗದದ ಮೇಲೆ ಹಳದಿ ಪುಡಿಯ ನಡುವೆ ಕೂದಲಿನಂಥ ಒಂದು ಎಳೆ ಕಾಣುತ್ತಿತ್ತು. ಅವರು ಚಿಮಟದಲ್ಲಿ ಎತ್ತಿ, ನೀರಿನಲ್ಲಿ ಅದ್ದಿ ತೊಳೆದು, ಭೂತಗನ್ನಡಿ ಹಿಡಿದರು.

“ರಾಣಿಯ ನೂಲು. ಹರಳೊಳಗೆ ಸಿಕ್ಕೊಂಡಿತ್ತಲ್ಲ, ಈಗ ಬಿಡುಗಡೆ ಆಗಿದೆ. ಗಂಟೂ ಹಾಗೇ ಇದೆ.” ಹುಬ್ಬು ಗಂಟಿಕ್ಕಿದರು. “ಇದು ಹರಳಪ್ಪನ ಗಂಟಲ್ಲ ಮೇಡಂ. ಅವನ ನೂಲು ಹಲ್ಲಿಗೆ ಸಿಕ್ಕಿ ಚಪ್ಪಟೆ ಆಗಿರುತ್ತೆ. ಇದು ನೋಡಿ, ಎಷ್ಟು ಅಚ್ಚುಕಟ್ಟು! ನಮ್ಮಲ್ಲಿ ಯಾರಿಗೂ ಇಂಥ ಗಂಟು ಬರಲ್ಲ. ನೂಲು ಹಿಡಿದೇ ಬದುಕಿದವರು ಯಾರೋ ಕಟ್ಟಿದ್ದು.”

“ಕೊಡಿ ಇಲ್ಲಿ,” ಎಂದು ಜಿಗಣೆ ಉತ್ಸಾಹದಿಂದ ಬಗ್ಗಿದಳು.

ಗಾಜಿನೊಳಗೆ ಗಂಟು ದೊಡ್ಡದಾಗಿ ಕಂಡಿತು. ಗೋಧಿಕಾಳಿನ ಆಕಾರ. ನಡುವೆ ಒಂದು ಸೀಳು. ತುದಿ ಹೊರಗೆ ಕಾಣದಂತೆ ತಿರುಗಿ ತನ್ನದೇ ಸುತ್ತಿನ ಹೊಟ್ಟೆಯೊಳಗೆ ಹೊಕ್ಕಿತ್ತು.

ಅವಳು ಗಾಜನ್ನು ಇನ್ನಷ್ಟು ಹತ್ತಿರ ತಂದಳು.

ಈ ಗಂಟು ಅವಳಿಗೆ ಗೊತ್ತು. ಬಾಲ್ಯದಲ್ಲಿ ಕಿಟಕಿಯ ಪಕ್ಕ, ಹೊಲಿಗೆ ಯಂತ್ರದ ಬುಡದಲ್ಲಿ ಕೂರಿಸಿಕೊಂಡು ಅಮ್ಮ ಕಲಿಸಿದ್ದು. ಸುತ್ತು ಹಾಕು, ಬಾಲ ತಿರುಗಿಸು, ಕೆಳಗಿಂದ ತೂರಿಸು, ಎದುರು ದಿಕ್ಕಿಗೆ ಎಳೆ. ಅಮ್ಮ ಸ್ವತಃ ಹುಡುಕಿಕೊಂಡ ಗಂಟು. ಅಂಗಡಿಯ ಕೆಲಸದವರಿಗೂ ಹೇಳಿಕೊಡಲಿಲ್ಲ. “ಇದು ನನ್ನ ಹೆಣ್ಮಕ್ಕಳಿಗೆ ಮಾತ್ರ” ಅನ್ನುತ್ತಿದ್ದಳು. ಮನೆಯಲ್ಲಿ ಅದಕ್ಕೆ ಗೋಧಿಗಂಟು ಅಂತಲೇ ಹೆಸರು.

ಅಮ್ಮ ಹೋದ ಮೇಲೆ ಈ ಗಂಟು ಬಲ್ಲವರು ಇಬ್ಬರೇ. ಒಬ್ಬಳು ಈ ಕೋಣೆಯಲ್ಲಿ ನಿಂತಿದ್ದಳು.

ಇರಲಾರದು. ಜಿಗಣೆ ಕಣ್ಣು ಉಜ್ಜಿಕೊಂಡು ತನ್ನ ಕೋಟಿನ ಗುಂಡಿಯನ್ನು ಭೂತಗನ್ನಡಿಯ ಕೆಳಗೆ ಎಳೆದಳು. ಗೋಧಿಕಾಳು. ನಡುವೆ ಸೀಳು. ತುದಿ ಹೊಟ್ಟೆಯೊಳಗೆ. ಮತ್ತೆ ನೂಲು ನೋಡಿದಳು, ಮತ್ತೆ ಗುಂಡಿ. ಎರಡೂ ಅವಳಿ ಮಕ್ಕಳು.

“ಮನೆಗೆ ನೂಲು ತಗೊಂಡು ಹೋಗಿ ಕಟ್ಟಿಸ್ಕೊಂಡು ಬರ್ತಿದ್ನಾ ಅವನು?” ಎಂದು ಕೇಳಿದಳು. ತನ್ನ ದನಿ ತನಗೇ ಗುರುತು ಸಿಗಲಿಲ್ಲ.

“ಆಗಲ್ಲ. ಬೀಜ ಹೊರಗಿನ ಗಾಳಿಗೆ ಒಯ್ದರೆ ತೇವ ಎಳ್ಕೊಂಡು ಹಾಳಾಗುತ್ತೆ. ಇಲ್ಲೇ ಕಟ್ಟಬೇಕು, ಕಟ್ಟಿದ ಕೈಯಲ್ಲೇ ಇಳಿಬಿಡಬೇಕು. ಕೋಣೆಯ ಬೀಗದ ಕೈ ಮಾತ್ರ ರಾತ್ರಿ ಅವನ ಜೊತೆ ಮನೆಗೆ ಹೋಗ್ತಿತ್ತು.” ಮುಖ್ಯಸ್ಥರ ಕಣ್ಣು ಅವಳ ಕೋಟಿನ ಮೇಲೆ ನಿಂತಿತು. “ಯಾಕೆ ಮೇಡಂ? ಯಾರದು ಗೊತ್ತಾಯ್ತಾ?”

ಅವಳು ಗುಂಡಿಯನ್ನು ಅಂಗೈಯಲ್ಲಿ ಮುಚ್ಚಿದಳು.

ಮೆಟ್ಟಿಲು ಕೂಡ ಹತ್ತಿಲ್ಲ ಅಕ್ಕಾ. ನಿನ್ನಾಣೆ.

ಮನೆಮಗಳ ಮೇಲೆ ಅನುಮಾನ ಪಡಲಾರದವರನ್ನು ನೋಡಿ ನಕ್ಕಿದ್ದಳಲ್ಲ! ಕಳ್ಳರನ್ನೆಲ್ಲ ಕಚ್ಚಿ ಹಿಡಿದ ಜಿಗಣೆ ಇವಳೊಬ್ಬಳನ್ನು ಮಾತ್ರ ತಾನೇ ಬಿಡಿಸಿ, ಬಾಗಿಲ ಕಾವಲನ್ನೂ ತಾನೇ ತೆಗೆಸಿ, ಮೈಮೇಲೆ ಎಚ್ಚರವಿಲ್ಲದ ಗಂಡನ ಹತ್ತಿರ ಕಳಿಸಿದ್ದಳು. ಅವಳು ಫೋನಿಗೆ ಕೈ ಹಾಕಿದಳು.

ಇನ್‌ಸ್ಪೆಕ್ಟರ್ ಫೋನು ಎತ್ತಲು ಯುಗವಾಯಿತು.

“ಕಳಿಸಬೇಡಿ ಅವಳನ್ನ! ಅಲ್ಲೇ ಕೂರಿಸಿ, ನಾನು ಬರೋವರೆಗೆ…”

“ಆಗಲೇ ಹೋದರಲ್ಲ ಮೇಡಂ. ರಸ್ತೆ ದಾಟಿದ್ದನ್ನ ನಾನೇ ನೋಡಿದೆ. ಏನಾಯ್ತು?”

ಉತ್ತರ ಕೊಡದೆ ಅವಳು ಆಸ್ಪತ್ರೆಗೆ ಫೋನು ಮಾಡಿದಳು. ಅವಸರದಲ್ಲಿ ಎರಡು ಸಲ ತಪ್ಪು ಒತ್ತಿದಳು. ಕೊನೆಗೆ ನರ್ಸ್ ಎತ್ತಿದಳು. ಹೌದು, ಹೆಂಡತಿ ಬಂದಿದಾರೆ. ಪಾಪ, ತುಂಬ ಅಳ್ತಿದ್ರು. ಒಳಗೆ ಬಿಟ್ಟಿದೀನಿ. ಪಕ್ಕದಲ್ಲೇ ಫೋನಿದೆ, ಕೊಡ್ತೀನಿ ಇರಿ.

“ಬೇಡ, ಕೇಳಿ ಇಲ್ಲಿ, ಅವಳನ್ನ ಹೊರಗೆ…”

ನರ್ಸ್ ಹೋಗಿಬಿಟ್ಟಿದ್ದಳು. ಟಕ್ ಎಂದು ಲೈನು ಬದಲಾಯಿತು. ಆ ಕಡೆಯಿಂದ ಯಂತ್ರವೊಂದು ಹರಳಪ್ಪನ ಎದೆಬಡಿತವನ್ನು ಬೀಪ್ ಬೀಪ್ ಎಂದು ಹೇಳುತ್ತಿತ್ತು.

“ಅಕ್ಕಾ?”

ದನಿ ಶಾಂತವಾಗಿತ್ತು. ಅತ್ತ ದನಿಯಾಗಿರಲಿಲ್ಲ.

“ಪುಟ್ಟೀ,” ಎಂದಳು ಜಿಗಣೆ. “ಸ್ವಲ್ಪ ಹೊರಗೆ ಬಂದು ಕೂತಿರಮ್ಮ. ನಾನು ಈಗಲೇ ಬರ್ತೀನಿ. ಊಟ ಮಾಡಿದ್ಯಾ?”

ಅಷ್ಟು ಬಿಟ್ಟು ಒಂದಕ್ಷರ ಹೆಚ್ಚು ಆಡಲಿಲ್ಲ. ಹರಳಿನ ಮಾತಿಲ್ಲ, ನೂಲಿನ ಮಾತಿಲ್ಲ, ಸೀಸದ ಮಾತೂ ಇಲ್ಲ. ಆ ಕಡೆ ಯಂತ್ರ ಬಡಿಯುತ್ತಲೇ ಇತ್ತು.

“ರಾಣಿನ ಕರಗಿಸಿಬಿಟ್ಯಾ ಅಕ್ಕಾ?” ಎಂದು ತಂಗಿ ಕೇಳಿದಳು.

ಬೀಪ್ ಸದ್ದು ನಿಂತಿತು.